ಕೊಲೆಸ್ಟ್ರಾಲ್ ಮಾತ್ರೆ, ಅಮ್ಮನ ಕಾಲು ಸೆಳೆತ, ನಿಮ್ಮ ಎಂಆರ್‌ಐ: ಭಯ ಬಿದ್ರೆ ನೋವು ಜಾಸ್ತಿ ಆಗುತ್ತಾ?

ಪ್ರಶ್ನೆ: ಮೇಡಂ ನಮಸ್ತೆ. ನಮ್ಮದು ಪಾಂಡವಪುರ ತಾಲ್ಲೂಕು, ನಾನು ಮೈಸೂರಲ್ಲಿ ಕೆಲಸದಲ್ಲಿದೀನಿ. ನಮ್ಮಮ್ಮನಿಗೆ 61 ವರ್ಷ, ಶುಗರ್ ಇದೆ. ಡಾಕ್ಟ್ರು ಅಟೋರ್ವಾಸ್ಟಾಟಿನ್ ಅಂತ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ರು, ಶುರುನಲ್ಲಿ ಒಂದೆರಡು ತಿಂಗಳು ಏನೂ ತೊಂದರೆ ಇರ್ಲಿಲ್ಲ. ಒಂದಿನ ಡೈರಿಗೆ ಹಾಲು ಹಾಕೋಕೆ ಹೋದಾಗ ಯಾರೋ "ಆ ಮಾತ್ರೆ ತಿಂದ್ರೆ ಮಾಂಸಖಂಡ ಎಲ್ಲ ಕರಗೋಯ್ತದಂತೆ" ಅಂದು ಮೊಬೈಲಲ್ಲಿ ವಿಡಿಯೋನೂ ತೋರ್ಸಿದಾರೆ. ಅವತ್ತಿಂದ ಎರಡೂ ಕಾಲು ಸೆಳೆತ, ರಾತ್ರಿ ನಿದ್ದೆ ಇಲ್ಲ, ಮಾತ್ರೆ ಬಿಟ್ಟುಬಿಟ್ಟಿದಾರೆ. ತಮ್ಮ "ಇದೆಲ್ಲ ಭ್ರಮೆ" ಅಂತಾನೆ, ಅಮ್ಮ ಅಳ್ತಾರೆ. ಅದೇ ಮಾತ್ರೆನ ವಿಟಮಿನ್ ಅಂತ ಹೇಳಿ ಕೊಟ್ರೆ ತಪ್ಪಾ? ಇನ್ನೊಂದು ನನ್ನ ವಿಷಯ, 34 ವರ್ಷ, ಬೆನ್ನುನೋವು ಅಂತ ಎಂಆರ್‌ಐ ಮಾಡ್ಸಿದೆ, ರಿಪೋರ್ಟಲ್ಲಿ ಡಿಸ್ಕ್ ಬಲ್ಜ್, ಡೀಜನರೇಶನ್ ಅಂತೆಲ್ಲ ಬಂತು, ಅದನ್ನ ಓದಿದ ಮೇಲೆ ನೋವು ಇನ್ನೂ ಜಾಸ್ತಿ ಆಗಿದೆ, ಬಗ್ಗೋಕೂ ಭಯ. ಇದು ನಿಜವಾದ ನೋವಾ, ಮನಸ್ಸಿನದಾ?

ಉತ್ತರ:

ಮೊದಲು ನಿಮ್ಮ ತಮ್ಮನಿಗೆ ಹೇಳಿ, ಅಮ್ಮನ ಕಾಲು ನಿಜವಾಗ್ಲೂ ನೋಯ್ತಿದೆ. ಸುಳ್ಳು ಹೇಳ್ತಿಲ್ಲ, ನಾಟಕ ಅಲ್ಲ, ಭ್ರಮೆನೂ ಅಲ್ಲ. ಆದ್ರೆ ಆ ನೋವನ್ನ ಮಾತ್ರೆನೇ ತಂದಿದ್ದಾ ಅನ್ನೋದು ಬೇರೆ ಪ್ರಶ್ನೆ, ಅಲ್ಲಿ ನಿಮ್ಮ ತಮ್ಮ ಹೇಳೋದ್ರಲ್ಲಿ ಅರ್ಧ ಸತ್ಯ ಇರಬಹುದು. ನಮ್ಮಲ್ಲಿ ಏನಾಗುತ್ತೆ ಅಂದ್ರೆ ಈ ಎರಡು ಪ್ರಶ್ನೆನ ಒಂದೇ ಮಾಡಿ ಜಗಳ ಆಡ್ತೀವಿ, ಒಬ್ಬರು ಮಾತ್ರೆನೇ ವಿಷ ಅಂತಾರೆ ಇನ್ನೊಬ್ಬರು ನಿನಗೇನೂ ಆಗಿಲ್ಲ ಸುಮ್ನಿರು ಅಂತಾರೆ, ನೋಯ್ತಿರೋರು ಮಧ್ಯದಲ್ಲಿ ಸಿಕ್ಕಾಕೊಂಡು ಒದ್ದಾಡ್ತಾರೆ.

ಕೆಟ್ಟದಾಗುತ್ತೆ ಅಂತ ಕಾಯ್ತಾ ಕೂತಿರೋ ಮೈಗೆ ಕೆಟ್ಟದ್ದೇ ಅನುಭವಕ್ಕೆ ಬರೋದಕ್ಕೆ ವೈದ್ಯಕೀಯದಲ್ಲಿ ನೊಸೀಬೋ ಅಂತ ಕರೀತಾರೆ, 1961ರಿಂದ ಈ ಹೆಸರು ಬಳಕೆಲಿದೆ. ಪ್ಲಸೀಬೋ ಅಂತ ಕೇಳಿರ್ತೀರ, ಖಾಲಿ ಮಾತ್ರೆ ಕೊಟ್ರೂ ವಾಸಿ ಆದಂಗೆ ಅನ್ಸೋದು, ಅದರ ಉಲ್ಟಾ ಇದು. ಕೊಲೆಸ್ಟ್ರಾಲ್ ಮಾತ್ರೆ ವಿಷಯದಲ್ಲಿ ಇದನ್ನ ಅಳೆದು ನೋಡಿದಷ್ಟು ಚೆನ್ನಾಗಿ ಬೇರೆ ಯಾವ ಮಾತ್ರೆಲೂ ಅಳೆದಿಲ್ಲ ಅನ್ಸುತ್ತೆ ನನಗೆ, ಹಾಗಾಗಿ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮಮ್ಮನಿಗೂ ಇದನ್ನೇ ಹೇಳಬೇಕಾಗುತ್ತೆ.

ಲಂಡನ್‌ನ ಇಂಪೀರಿಯಲ್ ಕಾಲೇಜಿನವರು ಸ್ಯಾಮ್ಸನ್ ಅಂತ ಒಂದು ಸ್ಟಡಿ ಮಾಡಿದ್ರು, 2020ರಲ್ಲಿ ಬಂತು. ಅದರಲ್ಲಿ ತಗೊಂಡಿದ್ದು 60 ಜನನ, ಎಲ್ಲರೂ ನಿಮ್ಮಮ್ಮನ ತರ ಮಾತ್ರೆ ಬಿಟ್ಟವರೇ, ಸ್ಟಾಟಿನ್ (ಅಟೋರ್ವಾಸ್ಟಾಟಿನ್ ಸೇರಿರೋ ಕೊಲೆಸ್ಟ್ರಾಲ್ ಮಾತ್ರೆಗಳ ಗುಂಪು) ಶುರು ಮಾಡಿದ ಎರಡೇ ವಾರದೊಳಗೆ ಮೈಕೈ ನೋವು ಸುಸ್ತು ಬಂತು ಅಂತ ಬಿಟ್ಟವರು. ಒಬ್ಬೊಬ್ಬರಿಗೂ ಒಂದು ವರ್ಷಕ್ಕೆ ಆಗೋ ಹಾಗೆ 12 ಡಬ್ಬಿ, 4ರಲ್ಲಿ ನಿಜವಾದ ಅಟೋರ್ವಾಸ್ಟಾಟಿನ್, 4ರಲ್ಲಿ ನೋಡೋಕೆ ಅದೇ ತರ ಇರೋ ಔಷಧಿ ಇಲ್ಲದ ಮಾತ್ರೆ, ಇನ್ನು 4 ಡಬ್ಬಿ ಪೂರ್ತಿ ಖಾಲಿ, ಅಂದ್ರೆ ಆ ತಿಂಗಳು ಏನೂ ನುಂಗೋ ಹಾಗಿಲ್ಲ. ಯಾವ ತಿಂಗಳು ಯಾವ ಡಬ್ಬಿ ಅನ್ನೋದು ಚೀಟಿ ಎತ್ತಿದ ಹಾಗೆ ಬರುತ್ತೆ. ದಿನಾ ಮೊಬೈಲ್ ಆ್ಯಪಲ್ಲಿ ಇವತ್ತು ಎಷ್ಟು ತೊಂದರೆ ಅಂತ 0ಯಿಂದ 100ರೊಳಗೆ ಒಂದು ನಂಬರ್ ಹಾಕಬೇಕು, ಅಷ್ಟೇ.

ವರ್ಷ ಮುಗಿದ ಮೇಲೆ ಲೆಕ್ಕ ಹಾಕಿದ್ರು. ಏನೂ ನುಂಗದ ತಿಂಗಳಲ್ಲಿ ಸರಾಸರಿ 8. ನಿಜವಾದ ಮಾತ್ರೆ ತಿಂಗಳಲ್ಲಿ 16.3. ಅಂದ್ರೆ ಮಾತ್ರೆ ನುಂಗಿದ್ರೆ ತೊಂದರೆ ಡಬಲ್, ಆ ಜನ ಹೇಳಿದ್ದು ಸುಳ್ಳಲ್ಲ. ಆದ್ರೆ ಔಷಧಿ ಇಲ್ಲದ ಮಾತ್ರೆ ತಿಂಗಳಲ್ಲಿ ಎಷ್ಟು ಗೊತ್ತಾ, 15.4. ಜಾಸ್ತಿ ಆದ ತೊಂದರೆಲಿ 100ಕ್ಕೆ 90 ಭಾಗ ಖಾಲಿ ಮಾತ್ರೆಯಿಂದಲೂ ಬಂತು, ಅದರೊಳಗೆ ಕಾಲು ನೋಯಿಸೋ ಅಂಥದ್ದು ಏನೂ ಇಲ್ಲದೇ ಇದ್ರೂ. ಇನ್ನೊಂದು ವಿಷಯ ಗಮನಿಸಿ, ಮಾತ್ರೆ ನಿಲ್ಲಿಸಿದ ತಕ್ಷಣ ನೋವು ಇಳೀತಿತ್ತು, ನಿಜವಾದ ಮಾತ್ರೆ ನಿಲ್ಲಿಸಿದ್ರೂ ಇಳೀತಿತ್ತು, ಖಾಲಿ ಮಾತ್ರೆ ನಿಲ್ಲಿಸಿದ್ರೂ ಅಷ್ಟೇ ಬೇಗ ಇಳೀತಿತ್ತು. ಹಾಗಾಗಿ "ಬಿಟ್ಟ ಮೇಲೆ ಕಮ್ಮಿ ಆಯ್ತು, ಅಲ್ಲಿಗೆ ಮಾತ್ರೆದೇ ತಪ್ಪು" ಅಂತ ನಾವೆಲ್ಲ ಮಾಡೋ ತೀರ್ಮಾನ ಇದೆಯಲ್ಲ, ಅದು ನಿಲ್ಲಲ್ಲ.

ಹಾಗಂತ ಸ್ಟಾಟಿನ್‌ನಿಂದ ಮಾಂಸಖಂಡಕ್ಕೆ ಏನೂ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಲಕ್ಷಕ್ಕೂ ಮೀರಿ ಜನ ಇದ್ದ ಹಲವು ಟ್ರಯಲ್‌ಗಳನ್ನ ಒಟ್ಟು ಸೇರಿಸಿ 2022ರಲ್ಲಿ ಲೆಕ್ಕ ಹಾಕಿದಾರೆ, ನಾಲ್ಕು ವರ್ಷದ ಮೇಲೆ ನೋಡಿದಾಗ ನಿಜವಾದ ಮಾತ್ರೆ ತಗೊಂಡವರಲ್ಲಿ 100ಕ್ಕೆ 27.1 ಜನ ಮಾಂಸಖಂಡದ ನೋವು ಅಂದ್ರು, ಖಾಲಿ ಮಾತ್ರೆಯವರಲ್ಲಿ 26.6 ಜನ. ಮೊದಲ ವರ್ಷ ಸಾವಿರಕ್ಕೆ ಸುಮಾರು 11 ಜನಕ್ಕೆ ಮಾತ್ರೆಯಿಂದಲೇ ಹೆಚ್ಚಿಗೆ ನೋವು ಬಂತು ಅಂತ ಲೆಕ್ಕ, ಅದೂ ಬಹುಪಾಲು ಸಣ್ಣಪುಟ್ಟದ್ದು. ನಿಮ್ಮಮ್ಮ ಆ 11ರಲ್ಲಿ ಒಬ್ಬರಾಗಿರಬಹುದು, ಅದಕ್ಕೇ ಪರೀಕ್ಷೆ ಮಾಡದೇ ನಾನು ನೊಸೀಬೋ ಅಂತ ಮುದ್ರೆ ಒತ್ತಲ್ಲ, ಆ ಪರೀಕ್ಷೆ ವಿಷಯ ಮುಂದೆ ಬರ್ತೀನಿ. ಈ 27 ಅನ್ನೋ ನಂಬರ್ ಮಾತ್ರ ನೆನಪಲ್ಲಿ ಇಟ್ಕೊಳ್ಳಿ. ಐವತ್ತು ಅರವತ್ತು ದಾಟಿದ ಜನಕ್ಕೆ ಯಾವ ಮಾತ್ರೆ ಇಲ್ಲದಿದ್ರೂ ಮೈಕೈ ನೋಯುತ್ತೆ, ಅದು ಯಾವತ್ತೂ ಇರೋದೇ. ವಿಡಿಯೋ ನೋಡೋ ಮುಂಚೆ ನಿಮ್ಮಮ್ಮನಿಗೂ ಹುಲ್ಲಿನ ಹೊರೆ ಹೊತ್ತು ಬಂದ ದಿನ ಕಾಲು ನೋಯ್ತಿತ್ತು, ಅವತ್ತು ಅದಕ್ಕೆ ಹೊರೆ ಕಾರಣ ಅಂತ ಎಣ್ಣೆ ಹಚ್ಚಿ ಮಲಗ್ತಿದ್ರು. ಈಗ ಅದೇ ನೋವು ಬಂದ್ರೆ ಮಾಂಸ ಕರಗ್ತಿದೆ ಅಂತ ಅನ್ಸುತ್ತೆ, ರಾತ್ರಿ ಎದ್ದು ಎದ್ದು ಮೀನಖಂಡ ಮುಟ್ಟಿ ನೋಡ್ಕೋತಾರೆ, ನಿದ್ದೆ ಕೆಡುತ್ತೆ, ನಿದ್ದೆ ಕೆಟ್ರೆ ಮಾರನೇ ದಿನ ನೋವು ಇನ್ನೂ ಜಾಸ್ತಿ.

ಈಗ "ಮನಸ್ಸಿನದಾ ಮೈದಾ" ಅನ್ನೋದಕ್ಕೆ ಬರೋಣ. ನೋವು ಅನ್ನೋದು ಕಾಲಿಂದ ಮೆದುಳಿಗೆ ಹೋಗೋ ಒನ್‌ವೇ ರೋಡಲ್ಲ, ಮೆದುಳಿಂದಲೂ ಕೆಳಗೆ ಬೆನ್ನುಹುರಿಗೆ ನರಗಳು ಬರ್ತವೆ, ಬಂದು ಅಲ್ಲಿ ಮೇಲಕ್ಕೆ ಹೋಗ್ತಿರೋ ನೋವಿನ ಸಿಗ್ನಲ್‌ನ ತಡೀತವೆ ಇಲ್ಲಾ ಜೋರು ಮಾಡ್ತವೆ. ನಿಮ್ಮ ಕಡೆಯವರಿಗೆ ವಿಸಿ ನಾಲೆ ತೂಬು ಗೊತ್ತಲ್ಲ, ನೀರು ಅಷ್ಟೇ ಇದ್ರೂ ತೂಬು ಎಷ್ಟು ಎತ್ತಿದಾರೆ ಅನ್ನೋದರ ಮೇಲೆ ಗದ್ದೆಗೆ ಬರೋದು ಹೆಚ್ಚು ಕಮ್ಮಿ ಆಗುತ್ತೆ, ಇದೂ ಹಾಗೇ. ಅಪಾಯ ಇದೆ ಅಂತ ಮೆದುಳಿಗೆ ಅನ್ಸಿದ್ರೆ ಪೂರ್ತಿ ಎತ್ತಿಬಿಡುತ್ತೆ. ಅದರಲ್ಲಿ ತಪ್ಪೇನಿಲ್ಲ, ಅದರ ಕೆಲಸನೇ ಅದು, ಕಾಡಲ್ಲಿ ಓಡಾಡ್ತಿದ್ದ ಕಾಲದಿಂದಲೂ ಅಪಾಯನ ದೊಡ್ಡದು ಮಾಡಿ ತೋರಿಸಿದ ಮೆದುಳೇ ಬದುಕ್ಕೊಂಡಿದ್ದು.

ಇದು ಬರೀ ಮಾತಲ್ಲ, ನೋಡಿರೋದು. ಇಟಲಿಯ ಟ್ಯೂರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಅನ್ನೋ ವಿಜ್ಞಾನಿ 1997ರಲ್ಲಿ, ಆಪರೇಶನ್ ಆದವರಿಗೆ ಬರೀ ಉಪ್ಪು ನೀರಿನ ಇಂಜೆಕ್ಷನ್ ಕೊಟ್ಟು ಇದರಿಂದ ನೋವು ಸ್ವಲ್ಪ ಜಾಸ್ತಿ ಆಗುತ್ತೆ ಅಂತ ಹೇಳಿದ್ರು, ಹಾಗೇ ಜಾಸ್ತಿ ಆಯ್ತು. ಅದರ ಜೊತೆ ಪ್ರೋಗ್ಲುಮೈಡ್ ಅನ್ನೋ ಔಷಧಿ ಕೊಟ್ಟಾಗ ಆ ಜಾಸ್ತಿ ಆಗೋದು ನಿಂತೋಯ್ತು. ಈ ಪ್ರೋಗ್ಲುಮೈಡ್ ತಡೆಯೋದು ಕೋಲಿಸಿಸ್ಟೊಕೈನಿನ್ ಅನ್ನೋ ಕೆಮಿಕಲ್‌ನ, ನಮ್ಮ ಕರುಳಲ್ಲೂ ಮೆದುಳಲ್ಲೂ ಇರುತ್ತೆ ಅದು, ಆತಂಕ ಆದಾಗ ಈ ಕೆಮಿಕಲ್ಲೇ ನೋವಿನ ದಾರಿನ ಚುರುಕು ಮಾಡುತ್ತೆ ಅಂತ ಅವರ ಮುಂದಿನ ಕೆಲಸದಲ್ಲೂ ಕಂಡುಬಂತು. ಔಷಧಿ ಕೊಟ್ರೆ ನಿಲ್ಲೋ ಅಂಥದ್ದನ್ನ ಭ್ರಮೆ ಅಂತ ಹೇಗ್ರೀ ಕರೆಯೋದು? ಜರ್ಮನಿಯ ಹ್ಯಾಂಬರ್ಗ್‌ನವರು 2017ರಲ್ಲಿ ಇನ್ನೂ ತಮಾಷೆ ಮಾಡಿದ್ರು, ಔಷಧಿನೇ ಇಲ್ಲದ ಒಂದು ಕ್ರೀಮು, ಇದು ಹಚ್ಚಿದ್ರೆ ಚರ್ಮ ಉರಿಗೆ ಸೂಕ್ಷ್ಮ ಆಗಬಹುದು ಅಂತ ಹೇಳಿ, ಕೆಲವರಿಗೆ ಚೆಂದದ ದುಬಾರಿ ಡಬ್ಬಿಲಿ ಕೊಟ್ರು ಕೆಲವರಿಗೆ ಸಾಧಾರಣ ಅಗ್ಗದ ಡಬ್ಬಿಲಿ. ದುಬಾರಿ ಡಬ್ಬಿಯವರಿಗೇ ಬಿಸಿ ಮುಟ್ಟಿಸಿದಾಗ ನೋವು ಜಾಸ್ತಿ ಆಯ್ತು, ಆ ವ್ಯತ್ಯಾಸ ಸ್ಕ್ಯಾನ್‌ನಲ್ಲಿ ಬೆನ್ನುಹುರಿ ಮಟ್ಟದಲ್ಲೇ ಕಾಣಿಸ್ತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಆಕ್ಸ್‌ಫರ್ಡ್‌ನಲ್ಲಿ ಉಲ್ರಿಕೆ ಬಿಂಗೆಲ್ ಅವರ ತಂಡ ಮಾಡಿದ ಪ್ರಯೋಗ, 2011ರದ್ದು, ಯಾಕಂದ್ರೆ ನಾನು ಅರಿವಳಿಕೆ ಡಾಕ್ಟ್ರು, ಅವರು ಬಳಸಿದ ರೆಮಿಫೆಂಟಾನಿಲ್ ನಮ್ಮ ಕಡೆಯ ನೋವು ತಡೆಯೋ ಔಷಧಿ, ಭಾರೀ ಸ್ಟ್ರಾಂಗು. ಆರೋಗ್ಯವಾಗಿರೋ ಜನರ ಕಾಲಿಗೆ ಬಿಸಿ ಮುಟ್ಟಿಸಿ ನೋವಿಗೆ ನಂಬರ್ ಹಾಕಿಸಿದ್ರು, ಮೊದಲು 100ಕ್ಕೆ 66. ಹೇಳದೇ ಡ್ರಿಪ್‌ನಲ್ಲಿ ಔಷಧಿ ಬಿಟ್ರು, 55ಕ್ಕೆ ಇಳೀತು. ಆಮೇಲೆ ಈಗ ಔಷಧಿ ಶುರು ಮಾಡ್ತಿದೀವಿ ಅಂತ ಹೇಳಿದ್ರು, ಡೋಸ್ ಅಷ್ಟೇ, ನೋವು 39. ಕೊನೆಗೆ ಔಷಧಿ ನಿಲ್ಲಿಸಿದ್ವಿ, ಈಗ ನೋವು ಜಾಸ್ತಿ ಆಗಬಹುದು ಅಂದ್ರು, ನಿಲ್ಲಿಸಿರ್ಲಿಲ್ಲ, ಅದೇ ಡೋಸ್ ಹೋಗ್ತಾನೇ ಇತ್ತು, ನೋವು 64. ಒಂದು ಮಾತಿಗೆ ಅಷ್ಟು ಸ್ಟ್ರಾಂಗ್ ಔಷಧಿ ಪೂರ್ತಿ ಏನೂ ಕೊಡದಂಗೆ ಆಗೋಯ್ತು.

ಡೈರಿ ವಿಷಯಕ್ಕೆ ಬರ್ತೀನಿ. ಇಂಥ ಭಯ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತೆ. ಬೆನೆಡೆಟ್ಟಿ ಅವರದ್ದೇ ಇನ್ನೊಂದು ಸ್ಟಡಿ ಇದೆ, ಕಾಲೇಜು ಹುಡುಗರನ್ನ ಆಲ್ಪ್ಸ್ ಬೆಟ್ಟದ ಮೇಲೆ 3,500 ಮೀಟರ್ ಎತ್ತರಕ್ಕೆ ಕರ್ಕೊಂಡು ಹೋಗೋ ಮುಂಚೆ ಒಬ್ಬನಿಗೆ ಮಾತ್ರ ಅಲ್ಲಿ ತಲೆನೋವು ಬರುತ್ತೆ ಅಂತ ಹೇಳಿದ್ರು. ಅವನು ಫ್ರೆಂಡ್ಸ್‌ಗೆ ಹೇಳಿದ, ಅವರು ಇನ್ನೊಬ್ಬರಿಗೆ ಹೇಳಿದ್ರು, ಹೊರಡೋ ಹೊತ್ತಿಗೆ ಮೂವತ್ತು ಚಿಲ್ಲರೆ ಜನಕ್ಕೆ ಗೊತ್ತಾಗಿತ್ತು. ಮೇಲೆ ಹೋದಾಗ ವಿಷಯ ಕೇಳಿದ್ದವರಿಗೇ ತಲೆನೋವು ಹೆಚ್ಚು ಬಂತು, ಎಂಜಲು ಪರೀಕ್ಷೆ ಮಾಡಿದ್ರೆ ತಲೆನೋವು ತರಿಸೋ ಪ್ರಾಸ್ಟಗ್ಲಾಂಡಿನ್ ಅನ್ನೋ ಅಂಶನೂ ಅವರಲ್ಲೇ ಜಾಸ್ತಿ ಇತ್ತು. ನಮ್ಮಲ್ಲಿ ಇದಕ್ಕೆ ಬೆಟ್ಟ ಹತ್ತೋದು ಬೇಕಿಲ್ಲ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗೋ ರಿಟೈರ್ಡ್ ಗುಂಪುಗಳ ಹಿಂದೆ ಹತ್ತು ನಿಮಿಷ ನಡೀರಿ, ಯಾವ ಮಾತ್ರೆಗೆ ಕಿಡ್ನಿ ಹೋಗುತ್ತೆ ಯಾವುದಕ್ಕೆ ಮಂಡಿ ಹೋಗುತ್ತೆ ಅಂತ ಪೂರ್ತಿ ಲಿಸ್ಟ್ ಸಿಗುತ್ತೆ, ಆ ಗುಂಪಲ್ಲಿ ಒಬ್ಬರು ಮಾತ್ರೆ ಬಿಟ್ರೆ ಸ್ವಲ್ಪ ದಿನದಲ್ಲಿ ಇನ್ನಿಬ್ಬರು ಬಿಟ್ಟಿರ್ತಾರೆ. ಕೊರೊನಾ ಲಸಿಕೆ ಟೈಮಲ್ಲೂ ನೋಡಿದ್ವಲ್ಲ. ಆ ಲಸಿಕೆಗಳ 12 ಟ್ರಯಲ್‌ಗಳನ್ನ ಒಟ್ಟಿಗೆ ನೋಡಿದಾಗ, ಖಾಲಿ ಇಂಜೆಕ್ಷನ್ ತಗೊಂಡವರಲ್ಲೂ ಮೊದಲ ಡೋಸ್ ಆದ ಮೇಲೆ 100ಕ್ಕೆ 35 ಜನ ತಲೆನೋವು ಸುಸ್ತು ಅಂತ ಏನಾದ್ರೂ ಒಂದು ಹೇಳಿದ್ರು.

ಡೈರಿ ಹೆಂಗಸರನ್ನ ಬೈಯೋ ಮುಂಚೆ ನಮ್ಮನ್ನೇ, ಅಂದ್ರೆ ಡಾಕ್ಟ್ರುಗಳನ್ನೇ ಬೈಬೇಕು. ಆಪರೇಶನ್ ಥಿಯೇಟರಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಡೋವಾಗ ಪೇಷಂಟ್‌ನ ಟೇಬಲ್ ಅಂಚಲ್ಲಿ ಕೂರಿಸಿ ದಿಂಬು ತಬ್ಬಿಸಿ ಗದ್ದ ಎದೆಗೆ ತಾಗಿಸಿ ಅಂತೀವಿ, ಸಿಸೇರಿಯನ್‌ಗೆ ಬಂದ ಹುಡುಗಿ ಪಾಪ ಮೊದಲೇ ನಡುಗ್ತಾ ಇರ್ತಾಳೆ, ಹಿಂದಿಂದ ನಾವು ಸ್ಪಿರಿಟ್ ಹಚ್ಚಿ "ಇರುವೆ ಕಚ್ಚಿದಂಗಾಗುತ್ತೆ ಅಷ್ಟೇ ಕಣಮ್ಮ, ಅಲ್ಲಾಡಬೇಡ" ಅಂತೀವಿ. ಸಮಾಧಾನ ಮಾಡ್ತಿದೀವಿ ಅಂತಲೇ ನಮ್ಮ ನಂಬಿಕೆ. ಸೂಜಿ ಇನ್ನೂ ಮುಟ್ಟಿರಲ್ಲ, ಕಚ್ಚುತ್ತೆ ಅನ್ನೋ ಮಾತಿಗೇ ಸೊಂಟದ ಎರಡೂ ಕಡೆ ಮಾಂಸ ಗಟ್ಟಿಯಾಗೋದು ಗ್ಲೌಸ್ ಹಾಕಿದ ಬೆರಳಿಗೇ ಗೊತ್ತಾಗುತ್ತೆ. 2010ರಲ್ಲಿ ಅಮೆರಿಕದಲ್ಲಿ ಇದನ್ನೇ ಅಳೆದರು, 140 ಗರ್ಭಿಣಿಯರು, ಅರ್ಧ ಜನಕ್ಕೆ ದೊಡ್ಡ ಜೇನುಹುಳ ಕಡಿದಂಗೆ ಆಗುತ್ತೆ, ಇದೇ ಎಲ್ಲಕ್ಕಿಂತ ಕಷ್ಟದ್ದು ಅಂತ, ಇನ್ನರ್ಧ ಜನಕ್ಕೆ ಈಗ ಮರಗಟ್ಟೋ ಔಷಧಿ ಕೊಡ್ತೀವಿ, ಆಮೇಲೆ ನಿಮಗೆ ಆರಾಮಾಗಿರುತ್ತೆ ಅಂತ ಹೇಳಿ ಚುಚ್ಚಿದ್ರು. ಸೂಜಿ ಒಂದೇ, ಔಷಧಿ ಒಂದೇ. ಜೇನುಹುಳ ಅಂತ ಕೇಳಿದವರು ನೋವಿಗೆ 10ಕ್ಕೆ 5 ಕೊಟ್ರು, ಇನ್ನೊಂದು ಗುಂಪು 3. ಈಗ ನಾನು ಇರುವೆನ ಬಿಟ್ಟಿದೀನಿ, "ಮರಗಟ್ಟಿಸ್ತೀನಿ, ಉಸಿರು ಬಿಡು" ಅಂತೀನಿ. ಸಿಸ್ಟರ್‌ಗಳು ಇನ್ನೂ ಬಿಟ್ಟಿಲ್ಲ, ಅಭ್ಯಾಸ.

ನಿಮ್ಮ ಬೆನ್ನಿನ ಕಥೆನೂ ಇಲ್ಲೇ ಬರುತ್ತೆ. ನಿಮಗೆ ನೋವು ಜಾಸ್ತಿ ಮಾಡಿದ್ದು ಎಂಆರ್‌ಐ ಮಷೀನಲ್ಲ, ರಿಪೋರ್ಟಿನ ಕೊನೆಯ ನಾಲ್ಕು ಸಾಲು. ನನ್ನ ಹತ್ರ ಬರೋರಲ್ಲಿ ಎಷ್ಟೋ ಜನ ಕೂರೋ ಮುಂಚೆನೇ ಪ್ಲಾಸ್ಟಿಕ್ ಕವರಿಂದ ಫಿಲ್ಮ್ ತೆಗೆದು ಟ್ಯೂಬ್‌ಲೈಟಿಗೆ ಹಿಡೀತಾರೆ, "ಮೇಡಂ ಎಲ್4 ಎಲ್5 ಹೋಗ್ಬಿಟ್ಟಿದೆ" ಅಂತಾರೆ, ಅದು ಸೊಂಟದ ಕೆಳಗಿನ ಎರಡು ಮೂಳೆಗಳ ಹೆಸರು, ಎಲ್ಲಿಗೆ ಹೋಯ್ತೋ ಏನೋ! ಮೂಳೆ ಸವೆದಿದೆ, ಡಿಸ್ಕ್ ಜರುಗಿದೆ, ನರ ಒತ್ತಿದೆ, ಇನ್ಮೇಲೆ ಭಾರ ಎತ್ತಂಗಿಲ್ಲ ನೆಲದ ಮೇಲೆ ಕೂರಂಗಿಲ್ಲ ಅಂತ ಯಾರೋ ಎರಡು ನಿಮಿಷದಲ್ಲಿ ಹೇಳಿ ಕಳಿಸಿರ್ತಾರೆ, ಆ ಮನುಷ್ಯ ಅವತ್ತಿಂದ ಬೆನ್ನನ್ನ ಗಾಜಿನ ಸಾಮಾನು ಅನ್ಕೊಂಡು ಓಡಾಡ್ತಾನೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ 2015ರಲ್ಲಿ ಬಂದಿದೆ, ಗಮನವಿಟ್ಟು ಓದಿ, ನೋವೇ ಇಲ್ಲದವರದ್ದು. ಅವರಲ್ಲಿ 20ರ ವಯಸ್ಸಿನವರಲ್ಲೇ 100ಕ್ಕೆ 37 ಜನಕ್ಕೆ ಡಿಸ್ಕ್ ಡೀಜನರೇಶನ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆಯೋದು, ಇತ್ತು, 80ರವರಲ್ಲಿ 96 ಜನಕ್ಕೆ. ಡಿಸ್ಕ್ ಬಲ್ಜ್, ಅಂದ್ರೆ ಆ ಮೆತ್ತೆ ಉಬ್ಬೋದು, 20ರ ವಯಸ್ಸಿನವರಲ್ಲೇ 100ಕ್ಕೆ 30 ಜನಕ್ಕೆ. ಅಂದ್ರೆ ಮೈಸೂರು ಬಸ್‌ಸ್ಟ್ಯಾಂಡಲ್ಲಿ ಆರಾಮಾಗಿ ನಿಂತಿರೋ ಜನನ ಹಿಡ್ಕೊಂಡು ಹೋಗಿ ಸ್ಕ್ಯಾನ್ ಮಾಡಿದ್ರೂ ನಿಮ್ಮ ರಿಪೋರ್ಟಲ್ಲಿರೋ ಮಾತೇ ತುಂಬಾ ಜನರ ರಿಪೋರ್ಟಲ್ಲೂ ಇರುತ್ತೆ, ತಲೆ ಕೂದಲು ನರೆಯೋದಕ್ಕೆ ರೋಗ ಅಂತ ಯಾರೂ ಬರೆಯಲ್ಲ, ಡಿಸ್ಕಿಗೆ ಮಾತ್ರ ಬರೀತಾರೆ.

ನಿಮ್ಮ ನೋವು ಯಾಕೆ ಜಾಸ್ತಿ ಆಯ್ತು ಅಂದ್ರೆ ಒಂದು, ಮೇಲೆ ಹೇಳಿದ ತೂಬಿನ ದಾರಿಯಿಂದ, ಭಯಕ್ಕೆ ಮೆದುಳು ನೋವನ್ನ ಜೋರು ಮಾಡೋದು. ಎರಡನೇದು ಇನ್ನೂ ಸಿಂಪಲ್ಲು, ಬಗ್ಗೋಕೆ ಹೆದರಿದ್ರೆ ಬೆನ್ನಿನ ಮಾಂಸಖಂಡಗಳನ್ನ ಇಡೀ ದಿನ ಬಿಗಿ ಹಿಡ್ಕೊಂಡಿರ್ತೀರ, ನೆಲದಿಂದ ಬಕೆಟ್ ಎತ್ತೋವಾಗ ಉಸಿರು ಕಟ್ತೀರ, ಓಡಾಟ ಕಮ್ಮಿ ಮಾಡ್ತೀರ, ಕೆಲವು ವಾರದಲ್ಲಿ ಶಕ್ತಿ ಕುಗ್ಗುತ್ತೆ, ಆಮೇಲೆ ಸಣ್ಣ ಕೆಲಸಕ್ಕೂ ನಿಜವಾಗ್ಲೂ ನೋಯುತ್ತೆ, ನೋಡಿದ್ರಾ ರಿಪೋರ್ಟ್ ಹೇಳಿದ್ದು ಸರಿ ಅನ್ಸುತ್ತೆ. ಹಾಗಾಗಿ ನಿಮಗೆ ನನ್ನ ಸಲಹೆ: ನಡೀರಿ, ಬಗ್ಗಿ, ನೋವು ಸ್ವಲ್ಪ ಇದ್ರೂ ಪರವಾಗಿಲ್ಲ, ದಿನಕ್ಕೆ ಇಷ್ಟಿಷ್ಟು ಅಂತ ಹೆಚ್ಚು ಮಾಡ್ಕೊಂಡು ಹೋಗಿ, ಬೇಕಾದ್ರೆ ಒಳ್ಳೆ ಫಿಸಿಯೋ ಒಬ್ಬರ ಕಣ್ಣ ಮುಂದೆ ಶುರು ಮಾಡಿ. ಸೊಂಟದ ಬೆಲ್ಟ್ ಇಡೀ ದಿನ ಕಟ್ಟೋದು ಬಿಡಿ, ಅದು ಬೆನ್ನಿಗೆ ಕೊಡೋ ಬಲಕ್ಕಿಂತ ನಿಮಗೆ ಕೊಡೋ ಭಯನೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಆದ್ರೆ ಉಚ್ಚೆ ಕಕ್ಕಸದ ಮೇಲೆ ಹಿಡಿತ ತಪ್ಪಿದ್ರೆ, ತೊಡೆ ಸಂದು ಕೂರೋ ಜಾಗ ಮರಗಟ್ಟಿದ್ರೆ, ಪಾದ ಎತ್ತೋಕೆ ಆಗದೇ ಚಪ್ಪಲಿ ಜಾರ್ತಿದ್ರೆ ಇದ್ಯಾವುದೂ ನೊಸೀಬೋ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ಬೆನ್ನುನೋವು, ಕಾರಣ ಇಲ್ಲದೇ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು, ಇವೂ ಬೇಗ ತೋರಿಸ್ಬೇಕಾದ್ದೇ.

ಈಗ ಆ ವಿಟಮಿನ್ ಐಡಿಯಾ. ಬೇಡ. ಯಾಕೆ ಬೇಡ ಅಂತ ಕೇಳಿದ್ರೆ ನೀತಿ ಪಾಠಕ್ಕಿಂತ ಮೊದಲು ವ್ಯವಹಾರದ ಮಾತು ಹೇಳ್ತೀನಿ, ಅಮ್ಮಂದಿರು ಮಾತ್ರೆ ಗುರುತು ಹಿಡಿಯೋದು ಸ್ಟ್ರಿಪ್ ಬಣ್ಣದಿಂದ ಆಕಾರದಿಂದ, ಒಂದಲ್ಲ ಒಂದಿನ ಸಿಕ್ಕಿಬೀಳ್ತೀರ. ಸಿಕ್ಕಿಬಿದ್ದ ಮೇಲೆ ಶುಗರ್ ಮಾತ್ರೆನೂ ನಂಬಲ್ಲ ಅವರು, ನಿಮ್ಮ ಕೈಯಿಂದ ಒಂದು ಕ್ರೋಸಿನ್ ತಗೋಬೇಕಾದ್ರೂ ತಿರುಗಿಸಿ ತಿರುಗಿಸಿ ನೋಡ್ತಾರೆ. ನ್ಯೂಜಿಲೆಂಡಲ್ಲಿ 2007ರ ಹೊತ್ತಿಗೆ ಒಂದು ಥೈರಾಯ್ಡ್ ಮಾತ್ರೆಯ ತಯಾರಿಕೆ ಬದಲಾಗಿ ಬಣ್ಣ ಸೈಜು ಬೇರೆ ಆಯ್ತು, ಒಳಗಿನ ಔಷಧಿ ಅದೇ, ಟಿವಿಲಿ ಪೇಪರಲ್ಲಿ ಗುಲ್ಲಾಯ್ತು ನೋಡಿ, 30 ವರ್ಷದಲ್ಲಿ ಒಟ್ಟು 14 ದೂರು ಬಂದಿದ್ದ ಮಾತ್ರೆಗೆ ಒಂದೂವರೆ ವರ್ಷದಲ್ಲಿ 1,400 ದಾಟಿತು. ನಂಬಿಕೆ ಒಂದು ಸಲ ಅಲ್ಲಾಡಿದ್ರೆ ಮೈ ಎಲ್ಲದಕ್ಕೂ ಎಚ್ಚರ ಆಗಿಬಿಡುತ್ತೆ.

ಹಾಗಾದ್ರೆ ಡಾಕ್ಟ್ರು ಸೈಡ್ ಎಫೆಕ್ಟ್ ಹೇಳಲೇಬಾರದಾ ಅಂತ ನೀವು ಕೇಳಬಹುದು. ಕಷ್ಟದ ಪ್ರಶ್ನೆ. ಇಟಲಿಲಿ 2007ರಲ್ಲಿ ಪ್ರಾಸ್ಟೇಟ್ ತೊಂದರೆಗೆ ಫಿನಾಸ್ಟರೈಡ್ ಮಾತ್ರೆ ಕೊಡೋವಾಗ ಲೈಂಗಿಕ ತೊಂದರೆ ಬರಬಹುದು ಅಂತ ಹೇಳಿದ ಗುಂಪಲ್ಲಿ 100ಕ್ಕೆ 44ರಷ್ಟು ಜನ ತೊಂದರೆ ಅಂದ್ರು, ಹೇಳದ ಗುಂಪಲ್ಲಿ 15. ಆದ್ರೂ ಮುಚ್ಚಿಡೋದು ನನಗೆ ಸರಿ ಕಾಣಲ್ಲ, ನಾನು ಹೇಳದಿದ್ರೆ ಯೂಟ್ಯೂಬ್ ಹೇಳುತ್ತೆ, ಅದು ಹೇಳೋ ರೀತಿ ನಿಮಗೆ ಗೊತ್ತು. ಹೇಗೆ ಹೇಳ್ತೀವಿ ಅನ್ನೋದು ನಮ್ಮ ಕೈಲಿದೆ. ಕಾಲು ನೋವು ಬರುತ್ತೆ ನೋಡ್ಕೊಳ್ಳಿ ಅಂತ ಹೇಳಿ ಕಳಿಸೋದು ಒಂದು. ಈ ಮಾತ್ರೆ ತಗೊಂಡ ಬಹುಪಾಲು ಜನಕ್ಕೆ ಇದರಿಂದ ನೋವು ಬರಲ್ಲ, ವಯಸ್ಸಿಗೆ ಬರೋ ನೋವು ಹೆಂಗೂ ಬರುತ್ತೆ, ಅದಕ್ಕೆ ಮಾತ್ರೆ ನಿಲ್ಲಿಸ್ಬೇಡಿ ನನ್ನ ಹತ್ರ ಬನ್ನಿ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ ಬಂದ್ರೆ ಮಾತ್ರ ಅವತ್ತೇ ಬನ್ನಿ ಅಂತ ಹೇಳೋದು ಇನ್ನೊಂದು. ಎರಡರಲ್ಲೂ ಸುಳ್ಳಿಲ್ಲ. ಎರಡನೇದಕ್ಕೆ ಒಂದು ನಿಮಿಷ ಜಾಸ್ತಿ ಬೇಕು, ಓಪಿಡಿಲಿ ಆ ಒಂದು ನಿಮಿಷನೇ ಇರಲ್ಲ ಅನ್ನೋದೂ ನಿಜ.

ನಿಜ ಹೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಸ್ಯಾಮ್ಸನ್ ಸ್ಟಡಿಯ ಕೊನೆ ಭಾಗ ನೋಡಿ. ವರ್ಷ ಮುಗಿದ ಮೇಲೆ ಒಬ್ಬೊಬ್ಬರಿಗೂ ಅವರವರದ್ದೇ ಚಾರ್ಟ್ ತೋರಿಸಿದ್ರು, ಈ ತಿಂಗಳು ನಿಮಗೆ ಇಷ್ಟು ನೋವಿತ್ತು, ಆ ತಿಂಗಳು ಡಬ್ಬಿಲಿ ಇದ್ದಿದ್ದು ಇದು ಅಂತ. ಯಾರೂ ವಾದ ಮಾಡಲಿಲ್ಲ, ನಿಮ್ಮ ತಮ್ಮನ ತರ ಬೈಯಲಿಲ್ಲ. ಆರು ತಿಂಗಳ ನಂತರ ನೋಡಿದ್ರೆ 60ರಲ್ಲಿ 30 ಜನ ಮಾತ್ರೆ ಮತ್ತೆ ಶುರು ಮಾಡಿದ್ರು. ಇದಕ್ಕೂ ಮೀರಿದ ಒಂದು ಕೇಸ್ ಅಮೆರಿಕದಿಂದ 2007ರಲ್ಲಿ ವರದಿ ಆಗಿದೆ, ಖಿನ್ನತೆ ಮಾತ್ರೆಯ ಟ್ರಯಲ್‌ನಲ್ಲಿದ್ದ 26 ವರ್ಷದ ಹುಡುಗ ಬೇಜಾರಲ್ಲಿ ಇದ್ದಬದ್ದ ಕ್ಯಾಪ್ಸೂಲ್ ಎಲ್ಲ ನುಂಗಿ ಆಸ್ಪತ್ರೆಗೆ ಬಂದ, ನಡುಗ್ತಿದ್ದಾನೆ, ಬಿಪಿ ಬಿದ್ದೋಗಿದೆ, ಡ್ರಿಪ್ ಮೇಲೆ ಡ್ರಿಪ್ ಹಾಕ್ತಿದಾರೆ. ಟ್ರಯಲ್ ಡಾಕ್ಟ್ರು ಬಂದು ನಿನಗೆ ಕೊಟ್ಟಿದ್ದು ಔಷಧಿ ಇಲ್ಲದ ಕ್ಯಾಪ್ಸೂಲು ಅಂತ ಹೇಳಿದ್ರು, ಹದಿನೈದೇ ನಿಮಿಷದಲ್ಲಿ ಬಿಪಿ ಸರಿ ಹೋಯ್ತು, ಎಚ್ಚರವಾಗಿ ಕೂತ.

ನಿಮ್ಮಮ್ಮನ ವಿಷಯದಲ್ಲಿ ನಾನಾಗಿದ್ರೆ ಹೀಗೆ ಮಾಡ್ತೀನಿ. ಮೊದಲು ಬೇರೆ ಕಾರಣ ಹುಡುಕ್ತೀನಿ, 61 ವರ್ಷ ಶುಗರ್ ಬೇರೆ ಇದೆ. ಪಾದ ಉರಿ, ಜೋಮು, ಸೂಜಿ ಚುಚ್ಚಿದಂಗೆ ಇದ್ರೆ ಶುಗರಿಂದ ನರಕ್ಕೆ ಆಗಿರೋ ತೊಂದರೆ ಇರಬಹುದು. ಸ್ವಲ್ಪ ದೂರ ನಡೆದ ಮೇಲೆ ಮೀನಖಂಡ ಹಿಡ್ಕೊಂಡು, ನಿಂತ್ರೆ ಬಿಡುತ್ತೆ ಅಂದ್ರೆ ಕಾಲಿನ ರಕ್ತನಾಳ ಚೆಕ್ ಮಾಡಿಸ್ಬೇಕು, ಹಾಗೇನಾದ್ರೂ ಇದ್ರೆ ಅವರು ಬಿಟ್ಟಿರೋ ಮಾತ್ರೆನೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರೋದು. ಥೈರಾಯ್ಡ್, ವಿಟಮಿನ್ ಡಿ, ಕಿಡ್ನಿ ನೋಡ್ಬೇಕು. ಸಿಕೆ ಅಂತ ಒಂದು ರಕ್ತ ಪರೀಕ್ಷೆ ಇದೆ, ಮಾಂಸಖಂಡಕ್ಕೆ ನಿಜವಾಗ್ಲೂ ಏಟು ಬಿದ್ರೆ ಅದು ಏರುತ್ತೆ. ಮಾತ್ರೆ ತಗೋತಿದ್ದಾಗ ಕೆಮ್ಮಿಗೋ ಚರ್ಮದ ಹುಳುಕಡ್ಡಿಗೋ ಬೇರೆ ಮಾತ್ರೆ ತಗೊಂಡಿದ್ರಾ ಕೇಳಿ, ಕೆಲವು ಆ್ಯಂಟಿಬಯಾಟಿಕ್‌ಗಳು, ಫಂಗಸ್ ಮಾತ್ರೆಗಳು ಅಟೋರ್ವಾಸ್ಟಾಟಿನ್ ಜೊತೆ ಸೇರಿದ್ರೆ ಅದರ ಮಟ್ಟ ರಕ್ತದಲ್ಲಿ ಏರಿಸ್ತವೆ, ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೇ ತಗೊಂಡಿದ್ದು ಯಾರಿಗೂ ನೆನಪಿರಲ್ಲ. ನೆಲದಿಂದ ಏಳೋಕೆ, ಮೆಟ್ಟಿಲು ಹತ್ತೋಕೆ ಶಕ್ತಿನೇ ಇಲ್ಲ ಅನ್ನೋದು ನೋವಿಗಿಂತ ಬೇರೆ, ಅದಿದ್ರೆ ಕಾಯಬೇಡಿ.

ಇದೆಲ್ಲ ಸರಿ ಇದ್ರೆ ಮಾತ್ರೆ ಬರೆದ ಡಾಕ್ಟ್ರ ಹತ್ರಾನೇ ಕರ್ಕೊಂಡು ಹೋಗಿ ಮತ್ತೆ ಶುರು ಮಾಡೋ ಬಗ್ಗೆ ಮಾತಾಡಿ, ಕಮ್ಮಿ ಡೋಸಲ್ಲೋ ಇನ್ನೊಂದು ಸ್ಟಾಟಿನಲ್ಲೋ ಶುರು ಮಾಡಬಹುದು, ಅದು ಅವರ ತೀರ್ಮಾನ. ಕೆಲವು ವಾರ ಮಾತ್ರೆ, ಕೆಲವು ವಾರ ಬಿಡುವು, ಮತ್ತೆ ಮಾತ್ರೆ ಅಂತ ಅವರ ಒಪ್ಪಿಗೆ ಮೇಲೆ ಮಾಡೋದಾದ್ರೆ ಒಂದು ನೋಟ್‌ಬುಕ್ ಇಟ್ಟು ದಿನಾ ರಾತ್ರಿ ಊಟ ಆದ ಮೇಲೆ ಇವತ್ತು ಕಾಲು ನೋವು 10ಕ್ಕೆ ಎಷ್ಟು ಅಂತ ಒಂದೇ ಸಲ ಕೇಳಿ ಬರೀರಿ, ಜೊತೆಗೆ ಅವತ್ತು ಮಾಡಿದ ಕೆಲಸನೂ ಬರೀರಿ, ನಾಟಿ, ಹುಲ್ಲು, ಮದುವೆ ಮನೆ, ಏನಿದ್ರೆ ಅದು. ಮಧ್ಯೆ ಮಧ್ಯೆ "ನೋಯ್ತಿದೆಯಾ ಅಮ್ಮ, ಈಗ ನೋಯ್ತಿದೆಯಾ" ಅಂತ ಫೋನ್ ಮಾಡಿ ಕೇಳೋದು ನಿಲ್ಸಿ, ಪ್ರೀತಿಯಿಂದ ಕೇಳಿದ್ರೂ ಅದು ನೋವು ಹುಡುಕಿಸೋ ಕೆಲಸನೇ. ಆ ವಿಡಿಯೋ ಡಿಲೀಟ್ ಮಾಡು ಅಂತಲೂ ಹೇಳ್ಬೇಡಿ, ಕೂತು ಜೊತೆಲಿ ನೋಡಿ, ಅದರಲ್ಲಿ ಹೇಳೋದು ಲಕ್ಷಕ್ಕೆ ಕೆಲವರಿಗೆ ಮಾತ್ರ ಆಗೋ ಅಂಥದ್ದು, ಅದಕ್ಕೆ ರಕ್ತ ಪರೀಕ್ಷೆ ಇದೆ, ನಿನ್ನದು ಮಾಡಿಸಿದೀವಿ, ರಿಪೋರ್ಟ್ ಇದು ಅಂತ ಕೈಗೆ ಕೊಡಿ. ಶುಗರ್ ಇರೋರಿಗೆ ಹಾರ್ಟ್ ಅಟ್ಯಾಕ್ ಪಾರ್ಶ್ವವಾಯು ತಪ್ಪಿಸೋಕೆ ಈ ಮಾತ್ರೆ ಕೊಡೋದು ಅನ್ನೋದನ್ನ ಅವರಿಗೆ ಯಾರೂ ಸರಿಯಾಗಿ ಹೇಳೇ ಇಲ್ಲ ಅಂತ ನನ್ನ ಅನುಮಾನ, "ಕೊಬ್ಬಿನ ಮಾತ್ರೆ" ಅಂತ ಹೇಳಿರ್ತಾರೆ, ತೆಳ್ಳಗಿರೋ ಹೆಂಗಸು ನನಗ್ಯಾಕೆ ಕೊಬ್ಬಿನ ಮಾತ್ರೆ ಅಂತ ಮೊದಲೇ ಅನುಮಾನದಲ್ಲಿ ನುಂಗ್ತಿರ್ತಾರೆ.

ನೋಟ್‌ಬುಕ್ ಬರೆಯೋ ಕೆಲಸ ತಮ್ಮನಿಗೆ ಕೊಡಿ, ಮನೇಲಿ ಇರೋನು ಅವನೇ ತಾನೇ. ಕಾಮೆಂಟ್ ಬೇಡ, ನಂಬರ್ ಕೇಳಿ ಬರೆದ್ರೆ ಸಾಕು. ಡಾಕ್ಟ್ರ ಹತ್ರ ಹೋಗೋವಾಗ ಆ ನೋಟ್‌ಬುಕ್, ಸಿಕೆ ರಿಪೋರ್ಟು, ಮನೇಲಿ ಡಬ್ಬಿಲಿ ಬಿದ್ದಿರೋ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳು, ಅರ್ಧ ಖಾಲಿ ಆಗಿರೋದೂ ಸೇರಿ, ಒಂದು ಕವರಿಗೆ ಹಾಕ್ಕೊಂಡು ಹೋಗಿ.